ಒಂದು ಡಾಲರಿನ ಕ್ರೇನ್ ಮತ್ತು ಹಡಗು ಸಬ್ಸಿಡಿಯ ಮುಗಿಯದ ಜಗಳ

2002ರಲ್ಲಿ ಸ್ವೀಡನ್‌ನ ಮಾಲ್ಮೊದಲ್ಲಿದ್ದ ಒಂದು ಕ್ರೇನ್ ಒಂದೇ ಒಂದು ಡಾಲರಿಗೆ ಮಾರಾಟವಾಯಿತು. ಸುಮಾರು 140 ಮೀಟರ್ ಎತ್ತರದ ಕ್ರೇನ್ ಅದು. ಕೊಕುಮ್ಸ್ ಎಂಬ ಶಿಪ್‌ಯಾರ್ಡ್ ದೊಡ್ಡ ದೊಡ್ಡ ಹಡಗು ಕಟ್ಟಲೆಂದು 1970ರ ದಶಕದಲ್ಲಿ ಅದನ್ನು ನಿಲ್ಲಿಸಿತ್ತು. ಈಗ ಅದನ್ನು ಕೊಂಡಿದ್ದು ದಕ್ಷಿಣ ಕೊರಿಯಾದ ಹ್ಯುಂಡೈ ಹೆವಿ ಇಂಡಸ್ಟ್ರೀಸ್. ಕ್ರೇನನ್ನು ಬಿಚ್ಚಿ, ಹಡಗಿಗೇರಿಸಿ, ಉಲ್ಸಾನ್‌ಗೆ ಒಯ್ದರು. ಅಲ್ಲಿ ಅದಕ್ಕೆ 'ಮಾಲ್ಮೊದ ಕಣ್ಣೀರು' ಎಂಬ ಹೆಸರೇ ಬಿತ್ತು.

ಸ್ವೀಡನ್ ಸರ್ಕಾರ ದುಡ್ಡು ಕೊಡಲಿಲ್ಲ ಅಂತ ಆ ಶಿಪ್‌ಯಾರ್ಡ್ ಮುಳುಗಿತು ಅಂದುಕೊಳ್ಳಬೇಡಿ. ಧಾರಾಳವಾಗಿಯೇ ಕೊಟ್ಟಿತ್ತು. ಒಂದು ಕಾಲಕ್ಕೆ ಹಡಗು ಕಟ್ಟುವುದರಲ್ಲಿ ಜಪಾನಿನ ಬೆನ್ನಿಗೇ ಇದ್ದ ದೇಶ ಅದು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ತೈಲ ಟ್ಯಾಂಕರ್‌ಗಳನ್ನು ಕೇಳುವವರೇ ಇಲ್ಲವಾದರು. 1977ರಲ್ಲಿ ಸ್ವೀಡನ್ ತನ್ನ ಶಿಪ್‌ಯಾರ್ಡ್‌ಗಳನ್ನು ಸ್ವೆನ್‌ಸ್ಕಾ ವಾರ್ವ್ ಎಂಬ ಸರ್ಕಾರಿ ಕಂಪನಿಯ ಕೆಳಗೆ ತಂದು, ಖಜಾನೆಯಿಂದ ಹಣ ಸುರಿಯಿತು. ಅದೇ ಹೊತ್ತಿನಲ್ಲಿ ಬ್ರಿಟನ್ ಸುರಿಯುತ್ತಿತ್ತು, ಜರ್ಮನಿ ಸುರಿಯುತ್ತಿತ್ತು, ಜಪಾನ್ ಮತ್ತು ಕೊರಿಯಾ ಕೂಡ. ಬೇಡಿಕೆ ಇದ್ದಷ್ಟೇ ಇತ್ತು. ಎಲ್ಲರೂ ಸೇರಿ ಅದಕ್ಕಿಂತ ಜಾಸ್ತಿ ಹಡಗು ಕಟ್ಟುವ ಶಕ್ತಿಯನ್ನು ಉಳಿಸಿಕೊಂಡರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾಲ್ಮೊದಲ್ಲಿ ಸರಕು ಹಡಗು ಕಟ್ಟುವ ಕೆಲಸ ನಿಂತೇಹೋಯಿತು. ಸಾವಿರಾರು ಜನರ ಕೆಲಸವೂ ಹೋಯಿತು, ತೆರಿಗೆ ಕಟ್ಟಿದವರ ದುಡ್ಡೂ ಹೋಯಿತು.

ಈ ಕಥೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಇದನ್ನು ಯಾವ ದೇಶವೂ ಒಂಟಿಯಾಗಿ ಸರಿಮಾಡಲಾರದು. ಒಬ್ಬರು ಸಬ್ಸಿಡಿ ನಿಲ್ಲಿಸಿದರೆ ಅವರ ಶಿಪ್‌ಯಾರ್ಡ್ ಮುಚ್ಚುತ್ತದೆ, ಆರ್ಡರ್ ಪಕ್ಕದ ದೇಶಕ್ಕೆ ಹೋಗುತ್ತದೆ. ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಅದಕ್ಕಾಗಿ ಅರವತ್ತು ವರ್ಷದಿಂದ ಮಾತುಕತೆ ನಡೆದಿದೆ. ಇವತ್ತಿಗೂ ಹಡಗು ಸಬ್ಸಿಡಿಯನ್ನು ಹಿಡಿದಿಡುವ ಒಂದು ಪೂರ್ಣ ಒಪ್ಪಂದ ಜಗತ್ತಿನಲ್ಲಿ ಇಲ್ಲ.

ಸಬ್ಸಿಡಿ ಹಡಗಿಗೆ ಹೊಸದೇನಲ್ಲ. 1839ರಲ್ಲಿ ಸ್ಯಾಮ್ಯುಯೆಲ್ ಕ್ಯುನಾರ್ಡ್ ಅಟ್ಲಾಂಟಿಕ್ ದಾಟಿ ಅಂಚೆ ಒಯ್ಯಲು ಬ್ರಿಟಿಷ್ ಸರ್ಕಾರದ ಗುತ್ತಿಗೆ ಪಡೆದ. ಆ ಅಂಚೆ ಹಣ ಇಲ್ಲದಿದ್ದರೆ ಅವನ ಹಬೆ ಹಡಗುಗಳು ಓಡುತ್ತಿರಲಿಲ್ಲ. 1903ರಲ್ಲಿ ಅದೇ ಕಂಪನಿಗೆ ಬ್ರಿಟನ್ 26 ಲಕ್ಷ ಪೌಂಡ್ ಸಾಲ ಕೊಟ್ಟಿತು, ಬಡ್ಡಿ ಬರೀ ಶೇ 2.75. ಅದರ ಮೇಲೆ ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ಬೇರೆ. ಲುಸಿಟಾನಿಯಾ, ಮಾರಿಟೇನಿಯಾ ಎಂಬ ಹೆಸರಾಂತ ಹಡಗುಗಳು ಹುಟ್ಟಿದ್ದು ಹಾಗೆ. ಯುದ್ಧ ಬಂದರೆ ಹಡಗು ನೌಕಾಪಡೆಗೆ ಸಿಗಬೇಕು ಎಂಬುದು ಷರತ್ತು. ಆ ಒಂದು ಷರತ್ತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1881ರಲ್ಲಿ, ಆಮೇಲೆ 1893ರಲ್ಲಿ ಕಾನೂನು ಮಾಡಿ, ಹಡಗು ಓಡಿದ ದೂರಕ್ಕೆ ತಕ್ಕಂತೆ ಹಣ ಕೊಟ್ಟಿತು. ಅದರಲ್ಲೂ ಹಾಯಿ ಹಡಗಿಗೆ ಜಾಸ್ತಿ. ಹೋದಷ್ಟು ಮೈಲಿಗೂ ಸರ್ಕಾರದಿಂದ ದುಡ್ಡು ಸಿಗುವುದಾದರೆ ಯಾರು ತಾನೇ ಸುಮ್ಮನಿರುತ್ತಾರೆ? ಸರಕು ಇಲ್ಲದೆ ದೂರದ ಸಮುದ್ರಗಳಿಗೆ ಹೋಗುವುದೂ ಲಾಭದ ಕೆಲಸವಾಯಿತು. ಜಗತ್ತೆಲ್ಲ ಹಬೆ ಎಂಜಿನ್ನಿಗೆ ಹೊರಳುತ್ತಿದ್ದಾಗ ಫ್ರಾನ್ಸ್ ಹೊಸ ಹಾಯಿ ಹಡಗುಗಳನ್ನು ಸಾಲುಸಾಲಾಗಿ ಕಟ್ಟುತ್ತಿತ್ತು. ಸಬ್ಸಿಡಿಯನ್ನು ಯಾವುದಕ್ಕೆ ಕಟ್ಟುತ್ತೀರೋ ಅದೇ ಬೆಳೆಯುತ್ತದೆ. ನಮಗೆ ಬೇಕಾದದ್ದು ಬೆಳೆಯುತ್ತದೆ ಎಂಬ ಖಾತ್ರಿ ಇಲ್ಲ.

ಇವತ್ತಿನ ಸಬ್ಸಿಡಿ ಹೀಗೆ ಎದ್ದು ಕಾಣುವುದಿಲ್ಲ. ನನ್ನ ಪ್ರಕಾರ ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದ. ಒಂದು ಉದಾಹರಣೆ ನೋಡೋಣ.

ದೊಡ್ಡ ಹಡಗು ಸಿದ್ಧವಾಗಿ ಸಿಗುವ ಸಾಮಾನಲ್ಲ. ಆರ್ಡರ್ ಕೊಟ್ಟ ಮೇಲೆ ಕೈಗೆ ಬರಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಮಾಲೀಕ ಕಂತುಕಂತಾಗಿ ಹಣ ಕೊಡುತ್ತಾ ಹೋಗಬೇಕು. ಕರಾರಿಗೆ ಸಹಿ ಹಾಕಿದಾಗ ಒಂದು ಕಂತು, ಉಕ್ಕು ಕತ್ತರಿಸಲು ಶುರು ಮಾಡಿದಾಗ ಒಂದು, ಹಡಗಿನ ತಳದ ಬೆನ್ನೆಲುಬಾದ ಕೀಲ್ ಇಟ್ಟಾಗ ಒಂದು, ನೀರಿಗಿಳಿಸಿದಾಗ ಇನ್ನೊಂದು, ಹಡಗು ಒಪ್ಪಿಸಿದಾಗ ಕೊನೆಯದು. ನಡುವೆ ಶಿಪ್‌ಯಾರ್ಡ್ ದಿವಾಳಿಯಾದರೆ ಕೊಟ್ಟ ಹಣದ ಗತಿ ಏನು? ಅದಕ್ಕೆ ಮಾಲೀಕ ಒಂದು ಬ್ಯಾಂಕ್ ಗ್ಯಾರಂಟಿ ಕೇಳುತ್ತಾನೆ. ಶಿಪ್‌ಯಾರ್ಡ್ ಕೈಕೊಟ್ಟರೆ ಬ್ಯಾಂಕ್ ಹಣ ವಾಪಸ್ ಕೊಡಬೇಕು. ಈ ವ್ಯವಹಾರದಲ್ಲಿ ಇದನ್ನು ರೀಫಂಡ್ ಗ್ಯಾರಂಟಿ ಅನ್ನುತ್ತಾರೆ. ಇದು ಇಲ್ಲದೆ ಆರ್ಡರ್ ಸಿಗುವುದು ಕಷ್ಟ. ಈಗ ನಷ್ಟದಲ್ಲಿರುವ ಒಂದು ಶಿಪ್‌ಯಾರ್ಡ್ ಇದೆ ಅಂದುಕೊಳ್ಳಿ. ಖಾಸಗಿ ಬ್ಯಾಂಕ್ ಅದಕ್ಕೆ ಗ್ಯಾರಂಟಿ ಕೊಡುವುದಿಲ್ಲ, ಕೊಟ್ಟರೂ ದುಬಾರಿ ಶುಲ್ಕ ಕೇಳುತ್ತದೆ. ಆಗ ಸರ್ಕಾರಿ ಬ್ಯಾಂಕ್ ಮುಂದೆ ಬಂದು ಕಡಿಮೆ ಶುಲ್ಕಕ್ಕೆ ಗ್ಯಾರಂಟಿ ಕೊಡುತ್ತದೆ. ಖಜಾನೆಯಿಂದ ಆ ದಿನ ಒಂದು ರೂಪಾಯಿಯೂ ಹೊರಗೆ ಹೋಗಲಿಲ್ಲ. ಬಜೆಟ್ ಪುಸ್ತಕದಲ್ಲಿ ಒಂದು ಸಾಲೂ ಕಾಣುವುದಿಲ್ಲ. ಆದರೂ ಆರ್ಡರ್ ಸಿಕ್ಕಿದ್ದು ಸರ್ಕಾರದ ಬಲದಿಂದಲೇ ಅಲ್ವಾ?

ತೆರಿಗೆಯ ಕಡೆ ಬಂದರೂ ಇದೇ ಕಥೆ. ಗ್ರೀಸ್ 1950ರ ದಶಕದಲ್ಲೇ ಟನ್ನೇಜ್ ತೆರಿಗೆ ತಂದಿತು. ಇಲ್ಲಿ ಲಾಭ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲ. ಹಡಗಿನ ಗಾತ್ರ ನೋಡಿ ಒಂದು ಸಣ್ಣ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ನೆದರ್‌ಲ್ಯಾಂಡ್ಸ್ 1996ರಲ್ಲಿ, ಬ್ರಿಟನ್ 2000ದಲ್ಲಿ, ಭಾರತ 2004ರಲ್ಲಿ, ಕೊರಿಯಾ 2005ರಲ್ಲಿ ಅದೇ ಹಾದಿ ಹಿಡಿದವು. ಕಾರಣ ಸರಳ. ತೆರಿಗೆ ಜಾಸ್ತಿ ಅನ್ನಿಸಿದರೆ ಹಡಗು ಬಾವುಟ ಬದಲಿಸಿ, ಅಂದರೆ ನೋಂದಣಿ ಬದಲಿಸಿ, ಬೇರೆ ದೇಶಕ್ಕೆ ಹೋಗಿಬಿಡುತ್ತದೆ. ಕಷ್ಟದ ವರ್ಷಗಳಲ್ಲಿ ಈ ವ್ಯವಸ್ಥೆಯಿಂದ ಯಾರಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸುಗ್ಗಿಯ ವರ್ಷದಲ್ಲಿ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಕಂಟೇನರ್ ಸಾಗಣೆ ದರ ಆಕಾಶಕ್ಕೇರಿತ್ತು. ಡೆನ್ಮಾರ್ಕಿನ ಮೇರ್ಸ್ಕ್ ಎಂಬ ಹಡಗು ಕಂಪನಿ 2022ರಲ್ಲಿ ಸುಮಾರು 2,900 ಕೋಟಿ ಡಾಲರ್ ನಿವ್ವಳ ಲಾಭ ಮಾಡಿತು. ಕಟ್ಟಿದ ತೆರಿಗೆ ಲಾಭದ ಶೇ 3ರ ಆಸುಪಾಸು. ಇದು ಪೂರ್ತಿ ಕಾನೂನುಬದ್ಧ. ದೊಡ್ಡ ಕಂಪನಿಗಳು ಕನಿಷ್ಠ ಶೇ 15 ತೆರಿಗೆ ಕಟ್ಟಬೇಕು ಎಂದು 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಆ ಒಪ್ಪಂದದಲ್ಲೂ ಅಂತರರಾಷ್ಟ್ರೀಯ ಹಡಗು ಸಾಗಣೆಯ ಆದಾಯವನ್ನು ಹೊರಗಿಟ್ಟರು. ತೆರಿಗೆ ವಿಷಯದಲ್ಲಿ ಇಷ್ಟು ದೊಡ್ಡ ಸಹಕಾರ ಹಿಂದೆಂದೂ ಆಗಿರಲಿಲ್ಲ. ಅಲ್ಲೂ ಹಡಗಿಗೆ ವಿನಾಯಿತಿ ಸಿಕ್ಕಿದ್ದು ನನಗೆ ತಪ್ಪೆನಿಸುತ್ತದೆ.

ಇಷ್ಟೆಲ್ಲ ಇದ್ದರೂ ವ್ಯಾಪಾರದ ನಿಯಮಗಳು ಯಾಕೆ ಕೆಲಸ ಮಾಡುವುದಿಲ್ಲ? ಬೇರೆ ಸಾಮಾನುಗಳಿಗೆ ಒಂದು ದಾರಿ ಇದೆ. ಒಂದು ದೇಶ ಉಕ್ಕಿಗೆ ಸಬ್ಸಿಡಿ ಕೊಟ್ಟು ಅಗ್ಗಕ್ಕೆ ಕಳಿಸಿದರೆ, ಕೊಳ್ಳುವ ದೇಶ ಗಡಿಯಲ್ಲಿ ಅಷ್ಟೇ ಮೊತ್ತದ ಸುಂಕ ಹಾಕಿ ಬೆಲೆ ಸರಿದೂಗಿಸಬಹುದು. ಆದರೆ ಹಡಗು ಯಾವ ಗಡಿ ದಾಟುತ್ತದೆ? ಚೀನಾದಲ್ಲಿ ಕಟ್ಟಿದ ಹಡಗನ್ನು ಗ್ರೀಸಿನ ಮಾಲೀಕ ಕೊಳ್ಳುತ್ತಾನೆ. ಲೈಬೀರಿಯಾದ ಬಾವುಟ ಹಾಕುತ್ತಾನೆ. ಫಿಲಿಪ್ಪೀನ್ಸ್‌ನ ನಾವಿಕರು ನಡೆಸುತ್ತಾರೆ. ಬ್ರೆಜಿಲ್‌ನ ಅದಿರನ್ನು ಜಪಾನಿಗೆ ಒಯ್ಯುತ್ತದೆ. ಗ್ರೀಸಿಗೆ ಅದು ಒಮ್ಮೆಯೂ ಹೋಗದಿರಬಹುದು. ಜಗತ್ತಿನ ಹಡಗುಗಳಲ್ಲಿ, ಹೊರೆ ಹೊರುವ ಶಕ್ತಿಯ ಲೆಕ್ಕದಲ್ಲಿ, ಶೇ 40ಕ್ಕೂ ಹೆಚ್ಚು ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳ ಬಾವುಟ ಹೊತ್ತಿವೆ. ಆ ಮೂರು ದೇಶಗಳಿಗೆ ತಮ್ಮ ಶಿಪ್‌ಯಾರ್ಡ್ ಕಾಪಾಡುವ ಚಿಂತೆ ಇಲ್ಲ. ಹಾಗಾಗಿ ಸುಂಕ ಹಾಕುವವರೇ ಇಲ್ಲ. ಅಗ್ಗದ ಹಡಗು ಆರ್ಡರ್ ಕಸಿದದ್ದು ಸ್ವೀಡನ್‌ನಿಂದ, ಹಡಗು ಬಂದದ್ದು ಮಾತ್ರ ಎಲ್ಲಿಗೋ.

ಈ ಸಮಸ್ಯೆ ಮೊದಲೇ ಗೊತ್ತಿತ್ತು. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 1960ರ ದಶಕದಲ್ಲೇ ಹಡಗು ನಿರ್ಮಾಣಕ್ಕೆ ಒಂದು ಪ್ರತ್ಯೇಕ ಕಾರ್ಯಗುಂಪು ಮಾಡಿತು. 1969ರಲ್ಲಿ ಹಡಗಿನ ರಫ್ತು ಸಾಲಕ್ಕೆ, ಅಂದರೆ ಹೊರದೇಶದವರು ಹಡಗು ಕೊಳ್ಳಲೆಂದು ಕೊಡುವ ಸಾಲಕ್ಕೆ, ಒಂದು ಮಿತಿಯನ್ನು ಒಪ್ಪಿಕೊಂಡರು. ಮುಂದೆ ಅದು ಬೆಳೆದ ರೂಪದಲ್ಲಿ, ಕೊಳ್ಳುವವನು ಹಡಗು ಕೈಗೆ ಬರುವ ಹೊತ್ತಿಗೆ ಬೆಲೆಯ ಶೇ 20 ಕೈಯಿಂದ ಕೊಟ್ಟಿರಬೇಕು, ಸಾಲ 12 ವರ್ಷದೊಳಗೆ ತೀರಬೇಕು ಎಂದಾಯಿತು. ಸಣ್ಣ ಒಪ್ಪಂದ, ಆದರೆ ಉಳಿದುಕೊಂಡಿತು. ಚೀನಾ ಅದರಲ್ಲಿ ಇಲ್ಲ ಎಂಬುದೇ ಇವತ್ತಿನ ದೊಡ್ಡ ಕೊರತೆ.

ಯುರೋಪಿನ ಒಳಗೂ ಒಂದು ಗೆಲುವು ಇದೆ. 1987ರಲ್ಲಿ ಅಲ್ಲಿ ಹಡಗಿನ ಬೆಲೆಯ ಶೇ 28ರವರೆಗೆ ಸರ್ಕಾರ ಕೊಡಬಹುದಿತ್ತು. ಆ ಮಿತಿಯನ್ನು ವರ್ಷ ವರ್ಷ ಇಳಿಸುತ್ತಾ ಶೇ 9ಕ್ಕೆ ತಂದರು. 2000ದ ಕೊನೆಗೆ ಅಂಥ ನೆರವನ್ನೇ ನಿಲ್ಲಿಸಿದರು. ಆಗಿದ್ದು ಹೇಗೆ? ಅಲ್ಲಿ ಲೆಕ್ಕ ಕೇಳುವ, ಕೊಟ್ಟ ಹಣ ವಾಪಸ್ ಪಡೆಯುವಂತೆ ಆದೇಶಿಸುವ ಒಂದು ಆಯೋಗ ಇತ್ತು. ಜಗತ್ತಿನ ಮಟ್ಟದಲ್ಲಿ ಅಂಥವರು ಯಾರೂ ಇಲ್ಲ.

ಜಗತ್ತಿನ ಮಟ್ಟದಲ್ಲಿ ಅತಿ ಹತ್ತಿರ ಬಂದದ್ದು 1994ರಲ್ಲಿ. ಅದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. 1989ರಲ್ಲಿ ಅಮೆರಿಕದ ಶಿಪ್‌ಯಾರ್ಡ್‌ಗಳು ತಮ್ಮ ಸರ್ಕಾರಕ್ಕೆ ದೂರು ಕೊಟ್ಟವು. ಅಮೆರಿಕ 1981ರಲ್ಲೇ ತನ್ನ ಹಡಗು ನಿರ್ಮಾಣದ ನೇರ ಸಬ್ಸಿಡಿ ನಿಲ್ಲಿಸಿತ್ತು. ಜಪಾನ್, ಕೊರಿಯಾ, ಜರ್ಮನಿ, ನಾರ್ವೆ ಇನ್ನೂ ಕೊಡುತ್ತಿವೆ, ಇದು ಅನ್ಯಾಯ ಎಂಬುದು ದೂರು. ಅಲ್ಲಿಂದ ಐದು ವರ್ಷ ಮಾತುಕತೆ ನಡೆದು 1994ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಹೊಸ ಸಬ್ಸಿಡಿ ಇಲ್ಲ. ಸುಂಕದ ದಾರಿ ಇಲ್ಲವಲ್ಲ, ಅದಕ್ಕೆ ಬದಲಿಯಾಗಿ, ಹಾನಿಯಾಗುವಷ್ಟು ಅಗ್ಗಕ್ಕೆ ಹಡಗು ಮಾರಿದ ಶಿಪ್‌ಯಾರ್ಡ್‌ನಿಂದಲೇ ದಂಡ ವಸೂಲಿ. ಬುದ್ಧಿವಂತಿಕೆಯ ಏರ್ಪಾಡು ಅದು.

ಆದರೆ ಸಹಿ ಮಾಡಿದ ಪ್ರತಿಯೊಬ್ಬರೂ ತಮ್ಮ ದೇಶದಲ್ಲಿ ಅನುಮೋದಿಸಿದರೆ ಮಾತ್ರ ಒಪ್ಪಂದ ಜಾರಿಗೆ ಬರಬೇಕಿತ್ತು. ಅನುಮೋದಿಸದೆ ಉಳಿದ ದೇಶ ಯಾವುದು? ದೂರು ಕೊಟ್ಟ ಅಮೆರಿಕವೇ. ಅಷ್ಟರಲ್ಲಿ ಅಲ್ಲಿ ಶಿಪ್‌ಯಾರ್ಡ್‌ಗಳಿಗೆ ಸರ್ಕಾರದ ಸಾಲ ಗ್ಯಾರಂಟಿ ಮತ್ತೆ ಸಿಗತೊಡಗಿತ್ತು. ಒಪ್ಪಂದ ಬಂದರೆ ಅದು ಕೈತಪ್ಪುತ್ತದೆ. ಜೊತೆಗೆ 1920ರ ಜೋನ್ಸ್ ಕಾಯಿದೆಯ ಭಯ. ಅಮೆರಿಕದ ಎರಡು ಬಂದರುಗಳ ನಡುವೆ ಸರಕು ಒಯ್ಯುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು ಎನ್ನುತ್ತದೆ ಆ ಕಾಯಿದೆ. ಒಪ್ಪಂದ ಅದನ್ನು ಮುಟ್ಟಿರಲಿಲ್ಲ. ಮುಂದೆ ಮುಟ್ಟೀತು ಎಂಬ ಆತಂಕವೇ ಸಾಕಾಯಿತು. ದೊಡ್ಡ ಶಿಪ್‌ಯಾರ್ಡ್‌ಗಳು ವಿರೋಧಿಸಿದವು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಲಿಲ್ಲ. ಇಡೀ ಒಪ್ಪಂದ ಕಡತದಲ್ಲೇ ಉಳಿಯಿತು. ಆಗ ಚೀನಾದ ಪಾಲು ತೀರಾ ಸಣ್ಣದಿತ್ತು. ಒಪ್ಪಂದ ಜಾರಿಯಾಗಿದ್ದರೆ, ಆಮೇಲೆ ಬಂದವರಿಗೆ ಒಂದು ಸಿದ್ಧ ಚೌಕಟ್ಟಾದರೂ ಇರುತ್ತಿತ್ತು. ಆ ಅವಕಾಶ ಕೈಬಿಟ್ಟದ್ದಕ್ಕೆ ಈಗ ಬೆಲೆ ತೆರುತ್ತಿದ್ದೇವೆ ಎಂದೇ ನನ್ನ ಅಭಿಪ್ರಾಯ.

2002ರಲ್ಲಿ ಮತ್ತೆ ಕೂತರು. ಈ ಸಲ ಚೀನಾವೂ ಬಂತು. ಬೆಲೆಗೂ ನಿಯಮ ಬೇಕೆಂದು ಯುರೋಪ್ ಪಟ್ಟು ಹಿಡಿಯಿತು, ಏಷ್ಯಾದ ದೇಶಗಳು ಒಪ್ಪಲಿಲ್ಲ. 2005ರಲ್ಲಿ ಮಾತು ನಿಂತಿತು. 2010ರ ಮತ್ತೊಂದು ಪ್ರಯತ್ನವೂ ಅಲ್ಲಿಗೇ ಮುಗಿಯಿತು.

ಅದೇ 2005ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯಿಂದ ಎರಡು ತೀರ್ಪು ಬಂದವು. ಒಂದರಲ್ಲಿ ಯುರೋಪ್ ಕೊರಿಯಾದ ಮೇಲೆ ದೂರಿತ್ತು. ಕೊರಿಯಾದ ರಫ್ತು ಬ್ಯಾಂಕ್ ಕೊಟ್ಟ ಕೆಲವು ಸಾಲಗಳು ಮತ್ತು ನಾನು ಮೇಲೆ ಹೇಳಿದಂಥ ಕೆಲವು ಗ್ಯಾರಂಟಿಗಳು ನಿಷಿದ್ಧ ರಫ್ತು ಸಬ್ಸಿಡಿ ಎಂದು ತೀರ್ಪಾಯಿತು. ಆದರೆ ಅದರಿಂದ ಯುರೋಪಿಗೆ ಗಂಭೀರ ಹಾನಿಯಾಗಿದೆ ಎಂಬುದು ಸಾಬೀತಾಗಲಿಲ್ಲ. ಇನ್ನೊಂದರಲ್ಲಿ ಕೊರಿಯಾ ಯುರೋಪಿನ ಮೇಲೆ ದೂರಿತ್ತು. 2000ದಲ್ಲಿ ನೆರವು ನಿಲ್ಲಿಸಿದ್ದರೂ, ಕೊರಿಯಾದ ಪೈಪೋಟಿ ಎದುರಿಸಲು ಯುರೋಪ್ ತಾತ್ಕಾಲಿಕವಾಗಿ ಮತ್ತೆ ತನ್ನ ಶಿಪ್‌ಯಾರ್ಡ್‌ಗಳಿಗೆ ಕರಾರಿನ ಶೇ 6ರವರೆಗೆ ನೆರವು ಕೊಡುತ್ತಿತ್ತು. ತೀರ್ಪಿಗೆ ಕಾಯದೆ ತಾನೇ ಕೈಗೆತ್ತಿಕೊಂಡ ಕ್ರಮ ಅದು, ತಪ್ಪು ಎಂದಾಯಿತು. ಇಬ್ಬರೂ ಸ್ವಲ್ಪ ಗೆದ್ದರು, ಸ್ವಲ್ಪ ಸೋತರು. ಹಡಗು ಕಟ್ಟುವ ರೀತಿಯಲ್ಲಿ ಏನೂ ಬದಲಾಗಲಿಲ್ಲ.

ಚೀನಾದ ಏರಿಕೆ ಇದರ ನಂತರದ್ದು. ಅಮೆರಿಕ ಸರ್ಕಾರದ ಲೆಕ್ಕದ ಪ್ರಕಾರ 1999ರಲ್ಲಿ ಜಗತ್ತಿನ ಹಡಗು ನಿರ್ಮಾಣದಲ್ಲಿ ಚೀನಾದ ಪಾಲು ಶೇ 5ಕ್ಕೂ ಕಡಿಮೆ. 2023ರಲ್ಲಿ ಅರ್ಧಕ್ಕಿಂತ ಜಾಸ್ತಿ. ಬಾರ್ವಿಕ್, ಕಲೂಪ್ಟ್ಸಿಡಿ, ಜಹೂರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2006ರಿಂದ 2013ರವರೆಗಿನ ಅವಧಿಯನ್ನು ಅಧ್ಯಯನ ಮಾಡಿದರು. ಆ ಎಂಟು ವರ್ಷದಲ್ಲಿ ಸುಮಾರು 55,000 ಕೋಟಿ ಯುವಾನ್ ನೆರವು ಸಿಕ್ಕಿರಬಹುದು ಎಂಬುದು ಅವರ ಅಂದಾಜು. ಅರ್ಧಕ್ಕಿಂತ ಹೆಚ್ಚು ಹೋದದ್ದು ಹೊಸ ಶಿಪ್‌ಯಾರ್ಡ್ ತೆರೆಯುವವರಿಗೆ. ಫಲವಾಗಿ ಅಷ್ಟೇನೂ ಸಮರ್ಥವಲ್ಲದ ಕಂಪನಿಗಳೂ ಒಳಗೆ ಬಂದವು. 2008ರ ನಂತರ ಬೇಡಿಕೆ ಕುಸಿದಾಗ ಅಂಥವು ಬಾಗಿಲು ಹಾಕಿದವು. ಅಷ್ಟೊಂದು ಹಣಕ್ಕೆ ಚೀನಾ ದೇಶಕ್ಕೆ ಮರಳಿ ಸಿಕ್ಕ ಲಾಭ ಕಡಿಮೆಯೇ. ಅವರ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು ಇನ್ನೊಂದಿದೆ. ಅದೇ ಹಣವನ್ನು ಉಬ್ಬರದ ಕಾಲದ ಬದಲು ಇಳಿತದ ಕಾಲದಲ್ಲಿ, ಸಮರ್ಥ ಕಂಪನಿಗಳಿಗೆ ಮಾತ್ರ ಕೊಟ್ಟಿದ್ದರೆ ಫಲ ಉತ್ತಮವಾಗಿರುತ್ತಿತ್ತು.

ಹಾಗಾದರೆ ಲಾಭ ಯಾರಿಗೆ? ಹಡಗು ಅಗ್ಗವಾದರೆ ಸಾಗಣೆ ದರ ಇಳಿಯುತ್ತದೆ. ಜಗತ್ತಿನ ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 80ಕ್ಕೂ ಹೆಚ್ಚು ಸಮುದ್ರದ ಮೇಲೆಯೇ ಹೋಗುತ್ತದೆ. ಒಂದು ದೇಶದ ತೆರಿಗೆದಾರ ಕೊಟ್ಟ ಹಣ ಎಲ್ಲ ದೇಶಗಳ ಕೊಳ್ಳುವವರಿಗೆ ಹಂಚಿಹೋಗುತ್ತದೆ. ಇದನ್ನೇ ಹಿಡಿದು, ಅಗ್ಗದ ಹಡಗು ಕೊಟ್ಟರೆ ಬೇಡ ಎನ್ನುವುದೇಕೆ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಈಗ ಚೀನಾ, ಕೊರಿಯಾ, ಜಪಾನ್ ಮೂರೇ ದೇಶಗಳು ಶೇ 90ಕ್ಕಿಂತ ಹೆಚ್ಚು ಹಡಗು ಕಟ್ಟುತ್ತವೆ. ಮುಚ್ಚಿದ ಶಿಪ್‌ಯಾರ್ಡನ್ನು ಬೇಕೆಂದಾಗ ತೆರೆಯಲಾಗುವುದಿಲ್ಲ. ವೆಲ್ಡರ್‌ಗಳು, ಪೈಪ್ ಜೋಡಿಸುವವರು, ನಕ್ಷೆ ಮಾಡುವವರು ಒಮ್ಮೆ ಚದುರಿಹೋದರೆ ಮತ್ತೆ ಒಟ್ಟುಗೂಡಲು ಒಂದು ತಲೆಮಾರು ಬೇಕು.

ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೊರಿಯಾ 2016ರಲ್ಲಿ ಕಂಡಿತು. ಹಂಜಿನ್ ಶಿಪ್ಪಿಂಗ್ ಎಂಬ ದೊಡ್ಡ ಕಂಟೇನರ್ ಕಂಪನಿಗೆ ಬ್ಯಾಂಕುಗಳು ಇನ್ನು ಸಾಲವಿಲ್ಲ ಎಂದವು. ಆಗಸ್ಟ್ ಕೊನೆಗೆ ಕಂಪನಿ ಬಿತ್ತು. ಬಂದರು ಶುಲ್ಕ ಸಿಗುವ ಭರವಸೆ ಇಲ್ಲದ್ದರಿಂದ ಹಲವು ಬಂದರುಗಳು ಅದರ ಹಡಗನ್ನು ಒಳಗೆ ಬಿಡಲಿಲ್ಲ. ಸುಮಾರು 1,400 ಕೋಟಿ ಡಾಲರಿನ ಸರಕು ಹೊತ್ತ ಹಡಗುಗಳು ಸಮುದ್ರದಲ್ಲಿ ಸಿಕ್ಕಿಬಿದ್ದವು, ನಾವಿಕರ ಸಮೇತ. ಎರಡು ವರ್ಷದೊಳಗೆ ಕೊರಿಯಾ ಹಡಗು ಉದ್ಯಮಕ್ಕೆಂದೇ ಹೊಸ ಸರ್ಕಾರಿ ಹಣಕಾಸು ನಿಗಮ ತೆರೆಯಿತು. ಇನ್ನೊಂದು ಕಂಪನಿಗೆ ಬೆಂಬಲ ಕೊಟ್ಟು 20 ಬೃಹತ್ ಹಡಗುಗಳಿಗೆ ಕೊರಿಯಾದ ಶಿಪ್‌ಯಾರ್ಡ್‌ಗಳಲ್ಲೇ ಆರ್ಡರ್ ಆಯಿತು. 2018ರಲ್ಲಿ ಜಪಾನ್ ಕೊರಿಯಾದ ಹಡಗು ನೆರವಿನ ಮೇಲೆ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಒಯ್ದಿತು. ಕೊರಿಯಾದ ಭಯವನ್ನು ನಾನು ತಳ್ಳಿಹಾಕಲಾರೆ. ಜಪಾನಿನ ದೂರನ್ನೂ ತಳ್ಳಿಹಾಕಲಾರೆ.

ಒಪ್ಪಂದ ಇಲ್ಲದ ಕಡೆ ಬಲವಿದ್ದವರು ತಮ್ಮದೇ ದಾರಿ ಹುಡುಕುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಇದೆ. ಹಡಗು ಯಾವ ಬಾವುಟ ಹಾಕಲಿ, ಬಂದರಿಗೆ ಬರಲೇಬೇಕು. ಅಮೆರಿಕ ಅಲ್ಲೇ ಕಾದು ಕೂತಿತು. ಕಾರ್ಮಿಕ ಸಂಘಗಳ ದೂರಿನ ಮೇಲೆ 2024ರಲ್ಲಿ ತನಿಖೆ ಶುರುಮಾಡಿ, 2025ರ ಅಕ್ಟೋಬರ್ 14ರಿಂದ ಚೀನಾದವರು ನಡೆಸುವ ಹಡಗಿಗೆ ನೆಟ್ ಟನ್ನಿಗೆ (ಹಡಗಿನಲ್ಲಿ ಸರಕು ತುಂಬುವ ಜಾಗದ ಅಳತೆ) 50 ಡಾಲರ್ ಬಂದರು ಶುಲ್ಕ ಹಾಕಿತು. ಚೀನಾದಲ್ಲಿ ಕಟ್ಟಿದ ಹಡಗಿಗೂ ಬೇರೆ ದರ ಇತ್ತು. ಅದೇ ದಿನ ಚೀನಾ ಅಮೆರಿಕಕ್ಕೆ ಸೇರಿದ ಹಡಗಿಗೆ ನೆಟ್ ಟನ್ನಿಗೆ 400 ಯುವಾನ್ ಹಾಕಿತು. ಯಾರ ಷೇರು ಯಾವ ಹಡಗಿನಲ್ಲಿ ಎಷ್ಟಿದೆ ಎಂದು ಕಂಪನಿಗಳು ಲೆಕ್ಕ ತೆಗೆಯುವಂತಾಯಿತು. ನಾಲ್ಕು ವಾರದಲ್ಲಿ, ನವೆಂಬರ್ 10ಕ್ಕೆ, ಇಬ್ಬರೂ ಒಂದು ವರ್ಷಕ್ಕೆ ಅಮಾನತು ಮಾಡಿದರು.

ಇದರ ಜೊತೆಗೆ ಹೊಸ ಸಬ್ಸಿಡಿಯ ಅಲೆ ಎದ್ದಿದೆ. ಅಮೆರಿಕದ ಹಡಗು ಉದ್ಯಮಕ್ಕೆ ಕೊರಿಯಾ 15,000 ಕೋಟಿ ಡಾಲರ್ ತೊಡಗಿಸುವ ಮಾತು 2025ರ ವ್ಯಾಪಾರ ಒಪ್ಪಂದದಲ್ಲಿ ಸೇರಿತು. ಭಾರತ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 69,725 ಕೋಟಿ ರೂಪಾಯಿಯ ಪ್ಯಾಕೇಜ್ ಒಪ್ಪಿತು. ದೇಶದ ಭದ್ರತೆಯ ಮಾತು ಅಮೆರಿಕದಲ್ಲಿ ಈಗ ಎಲ್ಲಕ್ಕಿಂತ ಮುಂದಿದೆ. 1903ರ ಷರತ್ತು ಹೊಸ ಬಟ್ಟೆ ಹಾಕಿಕೊಂಡು ಮರಳಿದೆ. ಭದ್ರತೆಯ ಹೆಸರು ಬಂದ ಕೂಡಲೇ ಸಬ್ಸಿಡಿ ನಿಷೇಧದ ಮಾತು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ನಿಷೇಧದಿಂದ ಶುರು ಮಾಡಬಾರದು ಎಂದು ನಾನು ನಂಬುತ್ತೇನೆ. ಲೆಕ್ಕದಿಂದ ಶುರು ಮಾಡಬೇಕು.

ಮೀನುಗಾರಿಕೆ ಸಬ್ಸಿಡಿಯ ಒಪ್ಪಂದ ಇಲ್ಲಿ ದಾರಿ ತೋರಿಸುತ್ತದೆ. 2001ರಲ್ಲಿ ಆ ಮಾತು ಶುರುವಾಗಿ, 2022ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕು, 2025ರ ಸೆಪ್ಟೆಂಬರ್ 15ಕ್ಕೆ ಜಾರಿಗೆ ಬಂತು. ಅವರು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲು ಹೋಗಲಿಲ್ಲ. ಅಕ್ರಮ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಮೀನಿನ ಸಂತತಿಗೆ ಕೈಹಾಕುವವರಿಗೆ ಹಣ ಕೊಡಬಾರದು ಎಂಬ ಮಟ್ಟಿಗೆ ಮೊದಲು ಒಪ್ಪಿದರು. ಜೊತೆಗೆ ಯಾರಿಗೆ ಎಷ್ಟು ಕೊಡುತ್ತಿದ್ದೇವೆ ಎಂದು ಬರೆದು ಕೊಡುವ ಹೊಣೆ ಹೊತ್ತರು.

ಸರಕು ಹಡಗಿಗೂ ಹೀಗೆ ಒಂದು ತುದಿ ಹಿಡಿಯಬಹುದು. ಸರ್ಕಾರಿ ಬ್ಯಾಂಕ್ ಕೊಡುವ ಪ್ರತಿ ರೀಫಂಡ್ ಗ್ಯಾರಂಟಿಯ ಶುಲ್ಕ, ಪ್ರತಿ ಹಡಗು ಸಾಲದ ಬಡ್ಡಿ ಮತ್ತು ಅವಧಿ, ಟನ್ನೇಜ್ ತೆರಿಗೆಯಿಂದ ಬಿಟ್ಟುಕೊಟ್ಟ ಮೊತ್ತ ಇವು ಮೂರನ್ನು ಎಲ್ಲ ದೇಶಗಳೂ ಒಂದೇ ನಮೂನೆಯಲ್ಲಿ ಪ್ರಕಟಿಸಲಿ. ಸಬ್ಸಿಡಿಯ ವಿವರ ಕೊಡಬೇಕೆಂದು ವಿಶ್ವ ವ್ಯಾಪಾರ ಸಂಘಟನೆಯ ನಿಯಮ ಈಗಲೂ ಹೇಳುತ್ತದೆ. ಬಹಳಷ್ಟು ದೇಶಗಳು ಸಮಯಕ್ಕೆ ಕೊಡುವುದಿಲ್ಲ, ಕೊಡದಿದ್ದರೆ ಶಿಕ್ಷೆಯೂ ಇಲ್ಲ. ಲೆಕ್ಕ ಮುಂದಿದ್ದಿದ್ದರೆ 2005ರಲ್ಲಿ ಆ ಕೆಲವು ಗ್ಯಾರಂಟಿಗಳಿಗಾಗಿ ಅಷ್ಟು ವರ್ಷ ವಾದ ಮಾಡಬೇಕಿರಲಿಲ್ಲ. ಇಳಿತದ ಕಾಲಕ್ಕೆ ಮಾತ್ರ ನೆರವು, ಅದೂ ಶಿಪ್‌ಯಾರ್ಡ್‌ನ ಸಾಮರ್ಥ್ಯ ಹಿಗ್ಗಿಸದೆ ಎಂಬ ನಿಯಮ ಎರಡನೇ ಹೆಜ್ಜೆಯಾಗಬಹುದು. ಕಟ್ಟುವವರು ಮುಖ್ಯವಾಗಿ ಮೂರೇ ದೇಶಗಳಾದ್ದರಿಂದ ಮೇಜಿನ ಸುತ್ತ ನೂರಾರು ಜನ ಬೇಕಿಲ್ಲ. ಚೀನಾ, ಕೊರಿಯಾ, ಜಪಾನ್, ಜೊತೆಗೆ ಯುರೋಪ್ ಮತ್ತು ಅಮೆರಿಕ ಕೂತರೆ ಹೆಚ್ಚುಕಡಿಮೆ ಎಲ್ಲರೂ ಕೂತಂತೆ.

ಬಂದರು ಶುಲ್ಕದ ಅಮಾನತಿಗೆ ಹಾಕಿಕೊಂಡ ಗಡುವು 2026ರ ನವೆಂಬರ್ 10. ಇಂದು ಆರ್ಡರ್ ಆಗುವ ಹಡಗು ನೀರಿಗಿಳಿಯಲು ಎರಡು ಮೂರು ವರ್ಷ ಬೇಕು, ಇಳಿದ ಮೇಲೆ ಅದು ಕಾಲು ಶತಮಾನ ಓಡುತ್ತದೆ. ಈಗಿನ ಪೈಪೋಟಿಯಲ್ಲಿ ಜಾಸ್ತಿಯಾಗಿ ಕಟ್ಟಿದ ಪ್ರತಿ ಹಡಗೂ 2050ರ ಹೊತ್ತಿಗೆ ಸಮುದ್ರದಲ್ಲೇ ಇರುತ್ತದೆ.